ಊರಿಗೊಂದು ಸೇರು, ಸ್ಟುಡಿಯೊಗೊಂದು ಸೊನ್ನೆ

ದೂರದರ್ಶನದಲ್ಲಿ ಕಾರ್ಯಕ್ರಮ ಶುರುವಾಗುವ ಮುಂಚೆ ಪರದೆಯ ಮೇಲೆ ಬಣ್ಣದ ಪಟ್ಟೆಗಳು ನಿಲ್ಲುತ್ತಿದ್ದವು. ಜೊತೆಗೆ ‘ಕೂ’ ಎಂದು ಎಳೆದ, ಏರಿಳಿತವಿಲ್ಲದ ಒಂದು ಸದ್ದು. ಎಂಬತ್ತರ ದಶಕದ ಮಕ್ಕಳಿಗೆ ಅದು ‘ಇನ್ನೂ ಸಮಯವಿದೆ’ ಎಂಬ ಸೂಚನೆ, ಮನೆಯ ಹಿರಿಯರಿಗೆ ಟಿವಿಯ ದನಿ ತಗ್ಗಿಸಲು ಒಂದು ನೆಪ. ನೋಡುವವರನ್ನು ಕಾಡಲೆಂದೇ ಯಾರೋ ಹಾಕಿದ್ದಾರೆ ಎನಿಸುವಷ್ಟು ಬೇಸರದ ಆ ಸದ್ದು ನೋಡುಗರಿಗಾಗಿ ಇದ್ದದ್ದೇ ಅಲ್ಲ. ತಂತಿಯ ಈ ತುದಿಯ ಎಂಜಿನಿಯರು ಆ ತುದಿಯ ಎಂಜಿನಿಯರಿಗೆ ಕೇಳುತ್ತಿದ್ದ ಪ್ರಶ್ನೆ ಅದು: ನಾನು ಇಷ್ಟು ಕಳಿಸುತ್ತಿದ್ದೇನೆ, ನಿನಗೆ ಎಷ್ಟು ತಲುಪಿತು? ಸಾಮಾನ್ಯವಾಗಿ ಸಾವಿರ ಹರ್ಟ್ಸ್‌ನ ಒಂದು ಶುದ್ಧ ಸ್ವರ. ಆ ಬದಿಯಲ್ಲಿ ಮೀಟರಿನ ಮುಳ್ಳು ಒಪ್ಪಿದ ಗೆರೆಯ ಮೇಲೆ ನಿಂತರೆ ಆಮೇಲೆ ಮಾತು, ಹಾಡು, ಸುದ್ದಿ ಏನು ಹೋದರೂ ಸರಿಯಾದ ಅಳತೆಯಲ್ಲಿ ಹೋಗುತ್ತದೆ. ದೆಹಲಿಯಲ್ಲಿ ಓದಿದ ಕನ್ನಡ ವಾರ್ತೆ ದಶಕಗಳ ಕಾಲ ಧಾರವಾಡದಲ್ಲೂ ಭದ್ರಾವತಿಯಲ್ಲೂ ಸ್ಪಷ್ಟವಾಗಿ ಕೇಳಿಸಿದ್ದರ ಹಿಂದೆ ಓದುವವರ ನಾಲಗೆಯಷ್ಟೇ ಪಾಲು ಈ ರೀತಿಯ ಅಳತೆಯ ಶಿಸ್ತಿಗೂ ಇತ್ತು.

ಆ ಶಿಸ್ತು ಈಗ ಎಲ್ಲಿ ಹೋಯಿತು ಎಂದು ಕೇಳಬೇಕಾದ ಜಾಗ ಓಖ್ಲಾ.

ಬೆಂಗಳೂರಿಗೆ ಪೀಣ್ಯ ಹೇಗೋ ದೆಹಲಿಗೆ ಓಖ್ಲಾ ಹಾಗೆ. ಯಮುನೆಗೆ ಅಡ್ಡಲಾಗಿ ಕಟ್ಟಿ 1874ರಲ್ಲಿ ಆಗ್ರಾ ಕಾಲುವೆಗೆ ನೀರು ಬಿಟ್ಟ ಜಾಗ ಎಂದು ಇತಿಹಾಸದಲ್ಲಿ ಅದಕ್ಕೊಂದು ಸಾಲು ಸಿಗುತ್ತದೆ. ಈಗ ಮೂರು ಹಂತಗಳಲ್ಲಿ ಹರಡಿಕೊಂಡ ಕೈಗಾರಿಕಾ ಪ್ರದೇಶ, ಸಿದ್ಧ ಉಡುಪು, ಮುದ್ರಣ, ಪ್ಯಾಕಿಂಗ್, ಮಾಧ್ಯಮ ಸಂಸ್ಥೆಗಳ ಕಚೇರಿ. ಇವುಗಳ ನಡುವೆ, ಬಹಳ ಸಲ ನೆಲಮಾಳಿಗೆಯಲ್ಲಿ, ಗೋಡೆಗೆ ಬೂದು ಬಣ್ಣದ ಸ್ಪಂಜು ಅಂಟಿಸಿದ ಸಣ್ಣ ಧ್ವನಿಮುದ್ರಣ ಕೋಣೆಗಳು. ಕಂಪನಿಗಳ ತರಬೇತಿ ವಿಡಿಯೊ, ಸರ್ಕಾರಿ ಜಾಹೀರಾತು, ಸಾಕ್ಷ್ಯಚಿತ್ರ, ಮಕ್ಕಳ ಕಾರ್ಟೂನ್, ಕೇಳುಪುಸ್ತಕ ಮುಂತಾದವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹುಟ್ಟಿ ಹತ್ತು ಹನ್ನೆರಡು ಭಾಷೆಗಳಿಗೆ ಒಡೆಯುವ ಜಾಗಗಳಿವು. ಕರ್ನಾಟಕದಲ್ಲಿ ಡಬ್ಬಿಂಗ್ ಬೇಕೇ ಬೇಡವೇ ಎಂಬ ಜಗಳ ನಡೆದು, 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಸರಿಯಲ್ಲ ಎಂದು ತೀರ್ಪು ಕೊಟ್ಟದ್ದು ಎಲ್ಲರಿಗೂ ಗೊತ್ತು. ಆ ಜಗಳ ಮುಟ್ಟದ ಒಂದು ದೊಡ್ಡ ಕನ್ನಡ ಲೋಕ ಅದಕ್ಕೂ ಮುಂಚಿನಿಂದ ಕರ್ನಾಟಕದ ಹೊರಗೆ, ಇಂಥ ಕೋಣೆಗಳಲ್ಲಿ, ಸದ್ದಿಲ್ಲದೆ ತಯಾರಾಗುತ್ತಲೇ ಇತ್ತು. ‘ಸದ್ದಿಲ್ಲದೆ’ ಎನ್ನುವುದು ಇಲ್ಲಿ ಮಾತಿನ ಅಲಂಕಾರ ಮಾತ್ರ. ಸದ್ದು ಬೇಕಾದಷ್ಟಿದೆ, ಬೇಡದ ಸದ್ದೂ ಇದೆ.

ಇಂಥ ಕೋಣೆಯ ಒಂದು ಮಧ್ಯಾಹ್ನವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಕನ್ನಡ ಓದಲು ಬಂದವರು ದೆಹಲಿಯಲ್ಲೇ ಕೆಲಸ ಮಾಡುವ ಯಾರೋ, ಗಂಟೆಯ ಲೆಕ್ಕದಲ್ಲಿ ಬಂದವರು. ಎಂಜಿನಿಯರಿಗೆ ಕನ್ನಡ ಬಾರದು, ಬರಬೇಕೆಂದೂ ಇಲ್ಲ. ಅನುವಾದಿಸಿದ ಸಾಲುಗಳು ಕಾಗದದ ಮೇಲಿವೆ. ಎರಡು ಪುಟ ಮುಗಿಯುವಷ್ಟರಲ್ಲಿ ‘ಸ್ವಲ್ಪ ಜೋರಾಗಿ’ ಎಂಬ ಸೂಚನೆ ಬರುತ್ತದೆ. ಮತ್ತೆರಡು ಪುಟಕ್ಕೆ ‘ಮೈಕಿನಿಂದ ದೂರ ಹೋಗಿ, ಒಡೆಯುತ್ತಿದೆ’. ವಾರದ ನಂತರ ಗ್ರಾಹಕರ ಕಡೆಯಿಂದ ದೂರು: ಕನ್ನಡ ಸ್ಪಷ್ಟವಾಗಿಲ್ಲ, ಮತ್ತೆ ಮಾಡಿ. ಮತ್ತೆ ಮಾಡುವ ದಿನಕ್ಕೆ ಓದುವವರಿಗೆ ಹಣವಿರುವುದಿಲ್ಲ, ಅನುವಾದಕರಿಗಂತೂ ಆ ಪ್ರಶ್ನೆಯೇ ಏಳುವುದಿಲ್ಲ. ತಪ್ಪು ಗಂಟಲಿನದು, ಇಲ್ಲವೇ ಸಾಲಿನದು ಎಂದು ತೀರ್ಮಾನವಾಗಿರುತ್ತದೆ. ಮೈಕಿನ ಹಿಂದೆ, ಮೇಜಿನ ಕೆಳಗೆ, ಒಂದು ತಂತಿ ತನಗೆ ಸಂಬಂಧವಿಲ್ಲದ ರಂಧ್ರದಲ್ಲಿ ಕೂತಿರಬಹುದು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ಈ ಲೇಖನದ ವಾದ ಇಷ್ಟೇ: ಆ ಅನುಮಾನ ಎಲ್ಲಕ್ಕಿಂತ ಮೊದಲು ಬರಬೇಕು, ಮತ್ತು ಅದನ್ನು ನಿವಾರಿಸುವ ಹೊಣೆ ಕೋಣೆಯ ಮಾಲೀಕರದು, ಓದುವವರದಲ್ಲ.

ಇಂದು ಸ್ಟುಡಿಯೊ ಎಂದರೆ ಒಂದು ಕಂಪ್ಯೂಟರು, ಒಂದು ಆಡಿಯೊ ಇಂಟರ್‌ಫೇಸ್. ಮೈಕಿನಿಂದ ಬರುವ ವಿದ್ಯುತ್ತನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವುದು, ಅಂಕಿಗಳನ್ನು ಮತ್ತೆ ವಿದ್ಯುತ್ತಾಗಿಸಿ ಸ್ಪೀಕರಿಗೆ ಕೊಡುವುದು ಈ ಡಬ್ಬಿಯ ಕೆಲಸ. ತೊಡಕು ಶುರುವಾಗುವುದು ಸೊನ್ನೆಯಿಂದ. ಸ್ಟುಡಿಯೊದಲ್ಲಿ ಸೊನ್ನೆ ಒಂದೇ ಅಲ್ಲ. ಡಿಬಿಯು ಎಂಬ ಮಾನದಲ್ಲಿ ಸೊನ್ನೆ ಎಂದರೆ 0.775 ವೋಲ್ಟ್. ಅದು ಹಳೆಯ ಟೆಲಿಫೋನ್ ಕಾಲದ ಲೆಕ್ಕ, 600 ಓಮ್ ರೋಧದಲ್ಲಿ ಒಂದು ಮಿಲಿವಾಟ್ ಹುಟ್ಟಿಸುವ ವೋಲ್ಟೇಜು. ಡಿಬಿವಿ ಎಂಬ ಇನ್ನೊಂದು ಮಾನದಲ್ಲಿ ಸೊನ್ನೆ ಎಂದರೆ ನೇರ ಒಂದು ವೋಲ್ಟ್. 1939ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಮತ್ತು ಎರಡು ರೇಡಿಯೊ ಜಾಲಗಳು ಸೇರಿ ರೂಪಿಸಿದ ವಿಯು ಮೀಟರಿನ ಸೊನ್ನೆ, ವೃತ್ತಿಪರ ಸಾಧನಗಳಲ್ಲಿ ರೂಢಿಯಾದಂತೆ, +4 ಡಿಬಿಯು, ಅಂದರೆ 1.228 ವೋಲ್ಟ್. ಮನೆಬಳಕೆಯ ಸಾಧನಗಳದು -10 ಡಿಬಿವಿ, 0.316 ವೋಲ್ಟ್. ಇವೆರಡರ ಅಂತರ ಹನ್ನೆರಡು ಡೆಸಿಬೆಲ್‌ಗೆ ತುಸು ಕಡಿಮೆ, ವೋಲ್ಟೇಜಿನಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು. ಕಂಪ್ಯೂಟರಿನ ಒಳಗಿನ ಸೊನ್ನೆ ಇನ್ನೊಂದು ಬಗೆಯದು. ಡಿಬಿಎಫ್‌ಎಸ್ ಎಂಬ ಅಲ್ಲಿನ ಮಾನದಲ್ಲಿ ಸೊನ್ನೆಯೇ ಛಾವಣಿ. ಅದರ ಮೇಲೆ ಏನೂ ಇಲ್ಲ, ಅಲ್ಲಿಗೆ ಮುಟ್ಟಿದ್ದೆಲ್ಲ ತಲೆ ಕತ್ತರಿಸಿಕೊಳ್ಳುತ್ತದೆ.

ಮೆಟ್ರಿಕ್ ಪದ್ಧತಿ ಬರುವ ಮುಂಚೆ ಕನ್ನಡ ನಾಡಿನ ಸಂತೆಗಳಲ್ಲಿ ಇದೇ ಕಥೆ ಇತ್ತು. 24 ತೊಲದ ಕಚ್ಚಾ ಸೇರೂ ಸೇರು, 80 ತೊಲದ ಪಕ್ಕಾ ಸೇರೂ ಸೇರು. ಊರು ದಾಟಿದರೆ ಸೇರು ಬೇರೆ. ಒಂದು ಸಂತೆಯ ಒಳಗೆ ತೊಂದರೆಯಿರಲಿಲ್ಲ, ಎಲ್ಲರಿಗೂ ಅಲ್ಲಿನ ಸೇರು ಗೊತ್ತಿತ್ತು. ಮೋಸ ಆಗುತ್ತಿದ್ದದ್ದು ಎರಡು ಸಂತೆಗಳ ನಡುವೆ ಓಡಾಡುವವನಿಗೆ. 1956ರ ಕಾಯ್ದೆಯ ನಂತರ ಅದು ಹಂತಹಂತವಾಗಿ ನಿಂತಿತು. ಇಂದು ತರಕಾರಿ ಅಂಗಡಿಯ ತಕ್ಕಡಿಗೂ ಮುದ್ರೆ ಬೀಳಬೇಕೆಂದು ಕಾನೂನಿದೆ. ಸ್ಟುಡಿಯೊದ ಸೊನ್ನೆಗೆ ಕಾನೂನು ಬೇಕಿಲ್ಲ, ಅಂಥದ್ದು ಯಾರಿಗೂ ಬೇಡ. ಆದರೆ ‘ನಮ್ಮಲ್ಲಿ ಸೇರು ಎಂದರೆ ಎಷ್ಟು ತೊಲ’ ಎಂದು ಹೇಳುವ ಒಂದು ಚೀಟಿಯಾದರೂ ಬೇಕಲ್ಲ?

ಹೊರಗಿನ ವೋಲ್ಟು ಒಳಗಿನ ಛಾವಣಿಗೆ ಎಲ್ಲಿ ಸೇರುತ್ತದೆ ಎಂಬುದನ್ನು ಪ್ರತಿ ಇಂಟರ್‌ಫೇಸಿನ ತಯಾರಕರು ತಮ್ಮಿಷ್ಟದಂತೆ ನಿರ್ಧರಿಸಿರುತ್ತಾರೆ. ಪ್ರಸಾರ ಲೋಕದಲ್ಲಿ ಎರಡು ರೂಢಿಗಳಿವೆ. ಅಮೆರಿಕದ ಎಸ್‌ಎಂಪಿಟಿಇ ಪ್ರಕಾರ -20 ಡಿಬಿಎಫ್‌ಎಸ್ ಎಂದರೆ +4 ಡಿಬಿಯು, ಆಗ ಛಾವಣಿ +24ರಲ್ಲಿ. ಯುರೋಪಿನ ಇಬಿಯು ಪ್ರಕಾರ -18 ಎಂದರೆ 0 ಡಿಬಿಯು, ಛಾವಣಿ +18ರಲ್ಲಿ. ಮಾರುಕಟ್ಟೆಯ ಡಬ್ಬಿಗಳು ಎರಡಕ್ಕೂ ಬದ್ಧವಲ್ಲ. ಜರ್ಮನಿಯ ಆರ್‌ಎಂಇ ಕಂಪನಿಯ ಫೈರ್‌ಫೇಸ್ 800ರ ಕೈಪಿಡಿ ನೋಡಿದರೆ ಲೈನ್ ಇನ್‌ಪುಟ್ಟಿಗೆ ಮೂರು ಆಯ್ಕೆಗಳಿವೆ: ‘ಲೋ ಗೇನ್’, ‘+4 ಡಿಬಿಯು’, ‘-10 ಡಿಬಿವಿ’. ಎರಡನೆಯದನ್ನು ಒತ್ತಿದರೆ ಛಾವಣಿ +4ರಲ್ಲಿರುತ್ತದೆ ಎಂದುಕೊಂಡವರು ಮೋಸಹೋಗುತ್ತಾರೆ, ಅದು ಇರುವುದು +13ರಲ್ಲಿ. ಹೊರಗಿನಿಂದ ಸರಿಯಾಗಿ 1.228 ವೋಲ್ಟಿನ ಸ್ವರ ಬಂದರೆ ಒಳಗಿನ ಮೀಟರು ಮೊದಲ ಆಯ್ಕೆಯಲ್ಲಿ -15 ತೋರಿಸುತ್ತದೆ, ಎರಡನೆಯದರಲ್ಲಿ -9, ಮೂರನೆಯದರಲ್ಲಿ ಛಾವಣಿಗೆ ತಲೆ ತಾಗಿಸಿಕೊಂಡು ನಿಂತಿರುತ್ತದೆ. ಒಂದೇ ಗಂಟಲು, ಒಂದೇ ದಿನ, ಒಂದೇ ಮೈಕು. ಆರ್‌ಎಂಇಯದು ಒಳ್ಳೆಯ ಉದಾಹರಣೆ, ಅವರು ಈ ಅಂಕಿಗಳನ್ನು ಕೈಪಿಡಿಯಲ್ಲಿ ಸ್ಪಷ್ಟವಾಗಿ ಅಚ್ಚು ಮಾಡಿದ್ದಾರೆ. ಅಗ್ಗದ ಡಬ್ಬಿಗಳಲ್ಲಿ ಇವು ಪುಟದ ಕೊನೆಯ ಸಣ್ಣ ಅಕ್ಷರದಲ್ಲಿರುತ್ತವೆ, ಕೆಲವು ಸಲ ಇರುವುದೇ ಇಲ್ಲ.

ಈಗ ಕನ್ನಡಕ್ಕೆ ಏನಾಗುತ್ತದೆ ನೋಡೋಣ. ಹನ್ನೆರಡು ಡೆಸಿಬೆಲ್ ಹೆಚ್ಚಾಗಿ ಒಳಗೆ ಹೋದರೆ ಬಾಯಿ ತೆರೆದು ಹೇಳುವ ‘ಆ’, ‘ಓ’ಗಳು ಒಡೆಯುತ್ತವೆ. ಇದು ಎಲ್ಲರಿಗೂ ಕೇಳಿಸುವ ತಪ್ಪು, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ. ಹನ್ನೆರಡು ಡೆಸಿಬೆಲ್ ಕಡಿಮೆ ಹೋದರೆ ಆಗುವುದು ಇನ್ನೂ ಕೆಟ್ಟದ್ದು. ಕಾರ್ಖಾನೆಗಳ ನಡುವಿನ ಕೋಣೆಗಳಲ್ಲಿ ಹಿನ್ನೆಲೆಯ ಗದ್ದಲ ಅಡಗಿಸಲು ನಾಯ್ಸ್ ಗೇಟ್ ಎಂಬ ಬಾಗಿಲು ಹಾಕುವುದು ರೂಢಿ. ನಿಗದಿತ ಮಟ್ಟಕ್ಕಿಂತ ಮೆಲ್ಲಗಿನ ಸದ್ದು ಬಂದರೆ ಅದು ಮುಚ್ಚಿಕೊಳ್ಳುತ್ತದೆ. ಆ ಮಟ್ಟವನ್ನು ಯಾರೋ ಎಂದೋ, ಬೇರೆ ಅಳತೆಯಲ್ಲಿ, ಬಹುಶಃ ಹಿಂದಿ ದನಿಗೆ ಹೊಂದಿಸಿಟ್ಟಿರುತ್ತಾರೆ. ಹಿಂದಿಯಲ್ಲಿ ಅನೇಕ ಪದಗಳು ವ್ಯಂಜನಕ್ಕೆ ನಿಲ್ಲುತ್ತವೆ. ಕನ್ನಡದ ಪದಗಳು ಸ್ವರಕ್ಕೆ ನಿಲ್ಲುತ್ತವೆ, ಆ ಕೊನೆಯ ಸ್ವರ ಸಾಮಾನ್ಯವಾಗಿ ಮೆಲ್ಲಗಿರುತ್ತದೆ, ಮತ್ತು ವ್ಯಾಕರಣವೆಲ್ಲ ಅಲ್ಲೇ ಕೂತಿರುತ್ತದೆ. ಬಂದ, ಬಂದೆ, ಬಂದು: ಅವನು ಬಂದದ್ದು, ನಾನು ಬಂದದ್ದು, ಬಂದ ಮೇಲೆ ಇನ್ನೇನೋ ಆಗಲಿರುವುದು. ಕೊನೆಯ ಅರೆಗಳಿಗೆಯಲ್ಲಿ ಬಾಗಿಲು ಮುಚ್ಚಿದರೆ ಮೂರೂ ‘ಬಂದ್’ ಆಗುತ್ತವೆ. ಹಿಂದಿಯ ಕಿವಿಗೆ ಅದು ತಪ್ಪೆಂದು ತೋಚುವುದೇ ಇಲ್ಲ, ಅಲ್ಲಿ ಅದೊಂದು ಸರಿಯಾದ ಪದ ಕೂಡ. ‘ಕನ್ನಡ ಸ್ಪಷ್ಟವಾಗಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇಂಥದ್ದೊಂದು ಬಾಗಿಲು ಇರಬಹುದು. (ಮಹಾಪ್ರಾಣ ಕೇಳಿಸುತ್ತಿಲ್ಲ ಎಂದು ಮಾತ್ರ ತಂತಿಯನ್ನು ಬೈಯಬಾರದು. ಅದನ್ನು ಕನ್ನಡಿಗರು ತಂತಿಗೆ ಮುಂಚೆಯೇ ಬಿಟ್ಟಿರುತ್ತಾರೆ.)

ಇನ್ನು ಜೋಡಣೆ. ಮೂರು ಕಾಲಿನ ಎಕ್ಸ್‌ಎಲ್‌ಆರ್ ತಂತಿಯಲ್ಲಿ ಒಂದನೆಯದು ಕವಚ, ಎರಡು ಮತ್ತು ಮೂರರಲ್ಲಿ ಒಂದೇ ಸಂಕೇತ ಪರಸ್ಪರ ತಲೆಕೆಳಗಾಗಿ ಹೋಗುತ್ತದೆ. ದಾರಿಯಲ್ಲಿ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ಅಂಟಿಕೊಂಡರೆ ಆ ತುದಿಯಲ್ಲಿ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಗದ್ದಲ ಕಳೆದುಹೋಗುತ್ತದೆ. ಸಮತೋಲಿತ ಜೋಡಣೆ ಎಂದರೆ ಇದೇ. ಟಿಆರ್‌ಎಸ್ ಎಂಬ ಕಾಲಿಂಚಿನ ಪ್ಲಗ್ಗಿನಲ್ಲೂ ಇದೇ ಏರ್ಪಾಡು, ಎರಡು ಕಪ್ಪು ಉಂಗುರ ನೋಡಿ ಗುರುತಿಸಬಹುದು. ಒಂದೇ ಉಂಗುರದ ಗಿಟಾರ್ ತಂತಿ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಅದೇ ರಂಧ್ರದಲ್ಲಿ ಕೂರುತ್ತದೆ, ಕೆಲಸವೂ ಮಾಡುತ್ತದೆ. ಗದ್ದಲ ಕಳೆಯುವ ಗುಣವೊಂದು ಸದ್ದಿಲ್ಲದೆ ಕೈಬಿಟ್ಟಿರುತ್ತದೆ, ಕೆಲವು ಡಬ್ಬಿಗಳಲ್ಲಿ ಮಟ್ಟವೂ ಆರು ಡೆಸಿಬೆಲ್ ಇಳಿಯುತ್ತದೆ. ಸಾಮಾನು ಕೆಟ್ಟರೆ ಗೊತ್ತಾಗುತ್ತದೆ, ಅರ್ಧ ಕೆಲಸ ಮಾಡುವ ಸಾಮಾನು ವರ್ಷಗಟ್ಟಲೆ ಗೊತ್ತಾಗುವುದಿಲ್ಲ.

ಓಖ್ಲಾದಂಥ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ. ಪಕ್ಕದಲ್ಲಿ ಮೋಟಾರು, ಮೇಲೆ ಹೊಲಿಗೆ ಯಂತ್ರಗಳ ಸಾಲು, ಲಿಫ್ಟು, ಜನರೇಟರು. ಕಂಪ್ಯೂಟರು ಒಂದು ಗೋಡೆಯ ಸಾಕೆಟ್ಟಿನಲ್ಲಿ, ಸ್ಪೀಕರು ಇನ್ನೊಂದು ಗೋಡೆಯದರಲ್ಲಿ ಇದ್ದರೆ ಎರಡೂ ಕಡೆಯ ಅರ್ಥಿಂಗ್ ಒಂದೇ ಮಟ್ಟದಲ್ಲಿರುವುದಿಲ್ಲ. ಆ ವ್ಯತ್ಯಾಸ ಆಡಿಯೊ ತಂತಿಯ ಕವಚದ ಮೂಲಕ ಹರಿಯುತ್ತದೆ. 50 ಹರ್ಟ್ಸ್‌ನ, ಅದರ ದುಪ್ಪಟ್ಟು 100 ಹರ್ಟ್ಸ್‌ನ ಗುಂಯ್ ಎಂಬ ನಾದ ಹುಟ್ಟುವುದು ಹೀಗೆ. ಗಂಡಸಿನ ಮಾತಿನ ಮೂಲಸ್ವರ ಬಹುಪಾಲು ಅದೇ ನೂರರ ಆಸುಪಾಸಿನಲ್ಲಿ ಇರುವುದರಿಂದ ಫಿಲ್ಟರ್ ಹಾಕಿ ಗುಂಯ್‌ಗುಡುವುದನ್ನು ತೆಗೆದರೆ ದನಿಯ ಮೈಯೂ ಹೋಗಿ ಟ್ರಾನ್ಸಿಸ್ಟರಿನಲ್ಲಿ ಮಾತಾಡಿದಂತೆ ಆಗುತ್ತದೆ. ಬಹಳ ಸಲ ತಪ್ಪು ಡಬ್ಬಿಗಳ ಒಳಗಿನ ಕಟ್ಟಣಿಕೆಯಲ್ಲೇ ಇರುತ್ತದೆ. ಒಂದನೆಯ ಕಾಲಿನ ಕವಚವನ್ನು ಲೋಹದ ಪೆಟ್ಟಿಗೆಗೆ ಜೋಡಿಸುವ ಬದಲು ಒಳಗಿನ ಸರ್ಕ್ಯೂಟಿಗೆ ಜೋಡಿಸಿದರೆ ಹೊರಗಿನ ಕೊಳೆಯೆಲ್ಲ ನೇರ ಒಳಮನೆಗೆ ಬರುತ್ತದೆ. ನೀಲ್ ಮನ್ಸಿ ಎಂಬ ಎಂಜಿನಿಯರು 1995ರಲ್ಲಿ ಇದನ್ನು ‘ಪಿನ್ 1 ಸಮಸ್ಯೆ’ ಎಂದು ಕರೆದು ವಿವರಿಸಿದರು. ಮೂವತ್ತು ವರ್ಷ ಕಳೆದರೂ ಆ ಹೆಸರು ಇಂಟರ್‌ಫೇಸ್ ಕೊಳ್ಳುವವರ ಬಾಯಲ್ಲಿ ಕೇಳಿಬರುವುದಿಲ್ಲ.

ಪರಿಹಾರಗಳಿವೆ. ಎಲ್ಲವನ್ನೂ ಒಂದೇ ಸಾಕೆಟ್ಟಿನ ಸಾಲಿಗೆ ಸೇರಿಸುವುದು, ಸಮತೋಲಿತ ತಂತಿ ಹಾಕುವುದು, ಬೇಕೇ ಬೇಕಾದರೆ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಡುವುದು. ಆದರೆ ಎಲ್ಲಕ್ಕಿಂತ ಜನಪ್ರಿಯ ಪರಿಹಾರ ಇನ್ನೊಂದಿದೆ: ಪ್ಲಗ್ಗಿನ ದಪ್ಪ ಮೂರನೆಯ ಕಡ್ಡಿಯನ್ನು ಕಿತ್ತುಬಿಡುವುದು, ಇಲ್ಲವೇ ಎರಡು ಕಡ್ಡಿಯ ಅಡಾಪ್ಟರು ಸಿಕ್ಕಿಸುವುದು. ಗುಂಯ್ ನಿಲ್ಲುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ಇದರ ಬಗ್ಗೆ ಮೃದುವಾಗಿ ಮಾತಾಡಬೇಕಾಗಿಲ್ಲ, ಇದು ಅಪರಾಧ. ಆ ಕಡ್ಡಿ ಇರುವುದು ಒಳಗೆ ಎಲ್ಲೋ ತಂತಿ ಸುಲಿದು ಲೋಹದ ಪೆಟ್ಟಿಗೆಗೆ ತಾಗಿದಾಗ ವಿದ್ಯುತ್ತು ನೆಲಕ್ಕೆ ಹೋಗಲಿ ಎಂದು. ಅದಿಲ್ಲದಿದ್ದರೆ ವಿದ್ಯುತ್ತು ನೆಲಕ್ಕೆ ಹೋಗುವ ದಾರಿ ಮೈಕಿಗೆ ತುಟಿ ಹತ್ತಿರ ಹಿಡಿದವರ ಮೈ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ, ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ವೇದಿಕೆಯ ಮೇಲೆಯೇ ಮೈಕು ಮುಟ್ಟಿ ಸತ್ತರು, ಅರ್ಥಿಂಗ್ ಸರಿಯಿರಲಿಲ್ಲ. ಗಂಟೆಯ ಲೆಕ್ಕಕ್ಕೆ ಓದಲು ಬಂದವರು ಪ್ಲಗ್ಗಿನಲ್ಲಿ ಎಷ್ಟು ಕಡ್ಡಿಗಳಿವೆ ಎಂದು ಬಗ್ಗಿ ನೋಡಿದರೆ ಅದನ್ನು ಅಧಿಕಪ್ರಸಂಗ ಎನ್ನಬಾರದು.

ಅಳೆಯುವ ಕೆಲಸಕ್ಕೆ ಬರೋಣ. ಕ್ಯಾಲಿಬ್ರೇಶನ್ ಎಂಬುದಕ್ಕೆ ಕನ್ನಡದಲ್ಲಿ ‘ಮಾಪನಾಂಕ ನಿರ್ಣಯ’ ಎಂಬ ಭಾರದ ಪದ ಓಡಾಡುತ್ತಿದೆ. ತಂಬೂರಿ ಹಿಡಿದು ಕೂತವರು ಪ್ರತಿ ದಿನ ಮಾಡುವ ಕೆಲಸಕ್ಕೆ ‘ಶ್ರುತಿ ಮಾಡುವುದು’ ಎಂಬ ಹಗುರ ಪದವಿದೆ, ಅರ್ಥ ಹೆಚ್ಚುಕಡಿಮೆ ಅದೇ. ಒಂದನ್ನು ಆಧಾರವೆಂದು ಒಪ್ಪಿ ಉಳಿದದ್ದನ್ನು ಅದಕ್ಕೆ ಕೂಡಿಸುವುದು. ಕಚೇರಿಗೆ ಮುಂಚೆ ಶ್ರುತಿ ಮಾಡದ ವಿದ್ವಾಂಸರನ್ನು ಯಾರೂ ಕ್ಷಮಿಸುವುದಿಲ್ಲ. ಧ್ವನಿಮುದ್ರಣಕ್ಕೆ ಮುಂಚೆ ಶ್ರುತಿ ಮಾಡದ ಕೋಣೆಗೆ ಮಾತ್ರ ವಿನಾಯಿತಿ.

ಮಾಡಬೇಕಾದದ್ದು ಒಂದು ಮಧ್ಯಾಹ್ನದ ಕೆಲಸ. ಕಂಪ್ಯೂಟರಿನ ತಂತ್ರಾಂಶದಿಂದ -20 ಡಿಬಿಎಫ್‌ಎಸ್‌ನ ಒಂದು ಸ್ವರ ಹೊರಡಿಸಿ, ಸ್ಪೀಕರ್ ತೆಗೆದು, ಔಟ್‌ಪುಟ್ ತಂತಿಯ ಎರಡು ಮತ್ತು ಮೂರನೆಯ ಕಾಲುಗಳ ನಡುವೆ ಮಲ್ಟಿಮೀಟರಿನಿಂದ ಎಸಿ ವೋಲ್ಟ್ ನೋಡುವುದು. 1.228 ಬಂದರೆ ಛಾವಣಿ +24ರಲ್ಲಿದೆ. 0.69 ಬಂದರೆ +19ರಲ್ಲಿದೆ. ಯಾವುದು ಬಂದರೂ ಪರವಾಗಿಲ್ಲ, ಬಂದದ್ದನ್ನು ಬರೆದಿಡಬೇಕು. ಎಡ ಬಲ ಎರಡನ್ನೂ ನೋಡಬೇಕು, ಗುಬುಟು ತಿರುಗಿಸುವ ಸಾಧನಗಳಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಆಮೇಲೆ ಅದೇ ತಂತಿಯನ್ನು ತಂದು ಇನ್‌ಪುಟ್ಟಿಗೆ ಹಾಕಿದರೆ, ಹೊರಗೆ ಹೋದ ವೋಲ್ಟು ಈಗ ಗೊತ್ತಿರುವುದರಿಂದ ಒಳಗೆ ಬಂದ ಅಂಕಿಯಿಂದ ಇನ್‌ಪುಟ್ಟಿನ ಅಳತೆಯೂ ಸಿಕ್ಕಿತು. ಈ ಸುತ್ತು ಹಾಕುವ ಮುಂಚೆ ಸ್ಪೀಕರ್ ದನಿ ತಗ್ಗಿಸಿ, 48 ವೋಲ್ಟಿನ ಫ್ಯಾಂಟಮ್ ಗುಂಡಿ ಆರಿಸಿರಬೇಕು ಎಂಬುದನ್ನು ಮರೆತವರು ಎರಡನೆಯ ಸಲ ಮರೆಯುವುದಿಲ್ಲ.

ಎಡವುವ ಜಾಗಗಳಿವೆ. ಅಂಗಡಿಗಳಲ್ಲಿ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರಿಗೆ, ಡಿಟಿ-830 ಜಾತಿಯದಕ್ಕೆ, ಎಸಿಯಲ್ಲಿ ಇರುವುದು 200 ಮತ್ತು 750 ವೋಲ್ಟಿನ ಎರಡೇ ಮೆಟ್ಟಿಲು. ಗೋಡೆಯ ಸಾಕೆಟ್ಟಿಗೆ ಅದು ಸಾಕು, ಒಂದೂಕಾಲು ವೋಲ್ಟಿಗೆ ಅದು 1.2 ಎಂದೋ ಇನ್ನೇನೋ ಹೇಳಿ ಸುಮ್ಮನಾಗುತ್ತದೆ. ಎಸಿಯಲ್ಲಿ ಎರಡು ವೋಲ್ಟಿನ ಮೆಟ್ಟಿಲಿರುವ ಮೀಟರು ಬೇಕು. ಅನೇಕ ಮೀಟರುಗಳು 400 ಹರ್ಟ್ಸ್ ದಾಟಿದ ಮೇಲೆ ನಿಖರತೆಯ ಭರವಸೆ ಕೊಡುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಸಾವಿರ ಹರ್ಟ್ಸ್ ಎಂದಿದ್ದರೂ 400ರ ಸ್ವರ ಹಾಕುವುದು ಜಾಣತನ. ಎರಡು ಮತ್ತು ಮೂರರ ನಡುವೆ ಅಳೆಯುವ ಬದಲು ಎರಡು ಮತ್ತು ಒಂದರ ನಡುವೆ ಅಳೆದರೆ ಬಹಳ ಡಬ್ಬಿಗಳಲ್ಲಿ ಅರ್ಧ ಮಾತ್ರ ತೋರುತ್ತದೆ, 1.228ರ ಬದಲು 0.614. ತಮಾಷೆಯೆಂದರೆ ಛಾವಣಿ +18ರಲ್ಲಿರುವ ಡಬ್ಬಿಯನ್ನು ಸರಿಯಾಗಿ ಅಳೆದರೂ ಸುಮಾರು ಅಷ್ಟೇ ಬರುತ್ತದೆ. ತಪ್ಪು ಅಳತೆ ಸರಿಯಾದ ಅಳತೆಯ ವೇಷದಲ್ಲಿ ಬರುವುದು ಹೀಗೆ. ಕೊನೆಯದು, ಎರಡು ತಂತ್ರಾಂಶಗಳು ಒಂದೇ ಸ್ವರಕ್ಕೆ ಮೂರು ಡೆಸಿಬೆಲ್ ವ್ಯತ್ಯಾಸದ ಅಂಕಿ ತೋರಿಸಬಹುದು. ಒಂದು ಶಿಖರ ನೋಡುತ್ತದೆ, ಇನ್ನೊಂದು ಸರಾಸರಿ. ಯಾವುದು ಎಂದು ತಿಳಿಯದೆ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ.

ಇದಕ್ಕೆಲ್ಲ ಎದುರಾಗಿ ಹೇಳುವ ಒಂದು ಬಲವಾದ ಮಾತಿದೆ. ಈಗಿನ ಇಂಟರ್‌ಫೇಸ್‌ಗಳು 24 ಬಿಟ್‌ನವು. ಕಾಗದದ ಮೇಲೆ 144 ಡೆಸಿಬೆಲ್‌ಗಳ ವ್ಯಾಪ್ತಿ, ವಾಸ್ತವದಲ್ಲಿ ಅದಕ್ಕಿಂತ ಕಡಿಮೆಯಾದರೂ ಮಾತಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಹನ್ನೆರಡು ಡೆಸಿಬೆಲ್ ಕಡಿಮೆ ಬಂದರೆ ಆಮೇಲೆ ಏರಿಸಿದರಾಯಿತು, ಗದ್ದಲವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಗುಡಿಸುತ್ತದೆ, ಅಜ್ಜಂದಿರ ಕಾಲದ ವಿಯು ಮೀಟರಿನ ಮಡಿ ಯಾಕೆ? ಮೊದಲರ್ಧ ನಿಜ. ಅಂಕಿಯೇ ಮುಖ್ಯವಲ್ಲ ಎಂಬುದನ್ನು ಒಪ್ಪಬೇಕು. -18 ಆದರೂ ಸರಿ, -24 ಆದರೂ ಸರಿ. ಮನೆಯಲ್ಲಿ ಯುಎಸ್‌ಬಿ ಮೈಕು ಹಿಡಿದು ಪಾಡ್‌ಕಾಸ್ಟ್ ಮಾಡುವವರು ಈ ಲೇಖನವನ್ನು ಇಲ್ಲಿಗೇ ಬಿಟ್ಟರೂ ನಷ್ಟವಿಲ್ಲ. ಆದರೆ ಒಂದೇ ಪಾತ್ರದ ದನಿ ಇವತ್ತು ಒಂದು ಕೋಣೆಯಲ್ಲಿ, ಮುಂದಿನ ತಿಂಗಳು ಇನ್ನೊಂದರಲ್ಲಿ ಮುದ್ರಣವಾಗುವಾಗ ಹೋಲಿಕೆಗೆ ಆಧಾರ ಬೇಕು. ಒಳಗೆ ಬರುವ ಮುನ್ನ, ವಿದ್ಯುತ್ತಾಗಿದ್ದಾಗಲೇ ಒಡೆದದ್ದನ್ನು 24 ಬಿಟ್ಟೂ ಉಳಿಸದು, 32 ಬಿಟ್ ಫ್ಲೋಟೂ ಉಳಿಸದು. ಗೇಟು ಕತ್ತರಿಸಿ ಎಸೆದ ‘ಎ’ಕಾರವನ್ನು ಯಾವ ತಂತ್ರಾಂಶವೂ ಎಲ್ಲಿಂದಲೋ ತಂದು ಕೂಡಿಸದು. ಕೂಡಿಸಿದರೆ ಇನ್ನೂ ಭಯಪಡಬೇಕು, ಅದು ಓದಿದವರ ದನಿಯಾಗಿರುವುದಿಲ್ಲ.

ಅಷ್ಟೇ ಅಲ್ಲ, ಧ್ವನಿಮುದ್ರಣಗಳು ಈಗ ಒಂದು ಸಲ ಕೇಳಿ ಮರೆಯುವ ವಸ್ತುವಾಗಿ ಉಳಿದಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಎಲ್‌ಡಿಸಿ-ಐಎಲ್ ಕನ್ನಡದ ಮಾತಿನ ಸಂಗ್ರಹ ಮಾಡಿದೆ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ ಯಂತ್ರಗಳಿಗೆ ಭಾರತೀಯ ಭಾಷೆಗಳನ್ನು ಕಲಿಸಲು ಹೊರಟಿದೆ. ಯಂತ್ರ ಕಲಿಯುವುದು ಕೇಳಿದ್ದರಿಂದಲೇ. ‘ಬಂದ್’ ಎಂದು ಕೇಳಿದ್ದರೆ ‘ಬಂದ್’ ಎಂದೇ ಕಲಿಯುತ್ತದೆ.

ಮೀಟರನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಓಖ್ಲಾದ ವಿಷಯದಲ್ಲಿ ಬೇಸರ ತರಿಸುವುದು ಇದೇ. ಕೋಣೆಯಲ್ಲಿ ಸ್ಪೀಕರ್ ಎಷ್ಟು ಜೋರಿರಬೇಕು ಎಂದು ಹೊಂದಿಸಲು ಸದ್ದಿನ ಮೀಟರು ಬೇಕು. ಆ ಮೀಟರು ಸರಿಯಿದೆಯೇ ಎಂದು ನೋಡಲು ಸಾವಿರ ಹರ್ಟ್ಸ್‌ನಲ್ಲಿ 94 ಡೆಸಿಬೆಲ್, ಅಂದರೆ ಒಂದು ಪ್ಯಾಸ್ಕಲ್ ಒತ್ತಡ ಹೊರಡಿಸುವ ಅಂಗೈಯಗಲದ ಸಾಧನವಿದೆ. ಆ ಸಾಧನ ಸರಿಯಿದೆಯೇ ಎಂದು ನೋಡಲು ಮಾನ್ಯತೆ ಪಡೆದ ಪ್ರಯೋಗಾಲಯ, ಅದರ ಮೇಲೆ ದೇಶದ ಎಲ್ಲ ಅಳತೆಗಳ ತಾಯಿಮನೆಯಾದ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದು ಇರುವುದು ದೆಹಲಿಯ ಪೂಸಾದಲ್ಲಿ. ಕೆಳಗಿನ ಮೆಟ್ಟಿಲಂತೂ ಓಖ್ಲಾದ ಒಳಗೇ ಇದೆ. ಕೇಂದ್ರ ಎಲೆಕ್ಟ್ರಾನಿಕ್ಸ್ ಸಚಿವಾಲಯದ ಎಸ್‌ಟಿಕ್ಯುಸಿಗೆ ಸೇರಿದ, ಉತ್ತರ ವಲಯದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಪ್ರಯೋಗಾಲಯ ಓಖ್ಲಾ ಎರಡನೆಯ ಹಂತದ ಎಸ್ ಬ್ಲಾಕಿನಲ್ಲಿದೆ. ವಿದ್ಯುತ್ ಮೀಟರುಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವುದು ಅದರ ನಿತ್ಯದ ಕೆಲಸಗಳಲ್ಲಿ ಒಂದು. ಬೆಂಗಳೂರಿನವರಿಗೆ ಇದೇ ಜಾಲದ ಕೇಂದ್ರ ಪೀಣ್ಯದಲ್ಲಿದೆ. ಸಾವಿರಾರು ಕಿಲೋಮೀಟರು ದೂರದಿಂದ ಹೊಸ ಮೈಕು ತರಿಸುವ ಕೋಣೆಗಳ ಪಕ್ಕದ ಬೀದಿಯಲ್ಲೇ ವೋಲ್ಟಿಗೆ ಮುದ್ರೆ ಒತ್ತುವ ಕಚೇರಿ ಇದೆ ಎಂದರೆ, ಹಿತ್ತಲ ಗಿಡದ ಗಾದೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿ ಸಣ್ಣ ಸ್ಟುಡಿಯೊ ತನ್ನೆಲ್ಲ ಸಾಮಾನು ಹೊತ್ತು ಅಲ್ಲಿಗೆ ಹೋಗಬೇಕು ಎಂಬುದು ದುಬಾರಿ ಕನಸು, ಅಗತ್ಯವೂ ಇಲ್ಲ. ಒಂದು ಕಟ್ಟಡದಲ್ಲಿರುವ ಐದಾರು ಕೋಣೆಗಳು ಸೇರಿ ಒಂದು ಒಳ್ಳೆಯ ಮಲ್ಟಿಮೀಟರು, ಒಂದು 94 ಡೆಸಿಬೆಲ್ ಸಾಧನ ಕೊಂಡು, ವರ್ಷಕ್ಕೊಮ್ಮೆ ಅವೆರಡನ್ನು ಮಾತ್ರ ಪರೀಕ್ಷೆಗೆ ಕಳಿಸಿ, ಉಳಿದ ದಿನ ಸರದಿಯಲ್ಲಿ ಬಳಸಬಹುದು. ಹಳ್ಳಿಯಲ್ಲಿ ಒಂದು ಕೊಳಗ ಇಡೀ ಕೇರಿಗೆ ಸಾಕಾಗುತ್ತಿತ್ತು. ಆದರೆ ಕೇಳುವವರಿಲ್ಲದೆ ಇದು ಆಗುವುದಿಲ್ಲ. ಕೆಲಸ ಕೊಡುವವರು ಫೈಲು 48 ಕಿಲೋಹರ್ಟ್ಸ್ ಇರಲಿ, ಲೌಡ್‌ನೆಸ್ ಇಷ್ಟಿರಲಿ ಎಂದು ಕೊನೆಯ ವಸ್ತುವಿನ ಬಗ್ಗೆ ಪುಟಗಟ್ಟಲೆ ಷರತ್ತು ಬರೆಯುತ್ತಾರೆ. ಅದರ ಜೊತೆ ‘ಮುದ್ರಿಸಿದ ಕೋಣೆಯ ಆಧಾರ ಮಟ್ಟ ಏನು, ಎಂದು ಅಳೆದದ್ದು’ ಎಂಬ ಒಂದು ಸಾಲು ಸೇರಿಸಲು ಖರ್ಚಿಲ್ಲ. ‘ಮತ್ತೆ ಮಾಡಿ’ ಎಂದಾಗ ಮೊದಲು ಆ ಚೀಟಿ ನೋಡಿ, ತಪ್ಪು ತಂತಿಯದಾಗಿದ್ದರೆ ಓದಿದವರಿಗೂ ಅನುವಾದಿಸಿದವರಿಗೂ ಆ ದಿನದ ಹಣ ಸಿಗಬೇಕು. ಕನ್ನಡ ಬಾರದ ಎಂಜಿನಿಯರಿಗೂ ಇದರಿಂದ ರಕ್ಷಣೆಯಿದೆ: ಕಿವಿಗೆ ಗೊತ್ತಾಗದ ಭಾಷೆಯಲ್ಲಿ ಮೀಟರಿಗಾದರೂ ಏನೋ ಗೊತ್ತಿರುತ್ತದೆ.

ಚೀಟಿಯಲ್ಲಿ ನಾಲ್ಕೇ ಸಂಗತಿಗಳು ಸಾಕು. ದಿನಾಂಕ. -20ರ ಸ್ವರಕ್ಕೆ ಎಡ ಬಲ ಔಟ್‌ಪುಟ್ಟಿನಲ್ಲಿ ಬಂದ ವೋಲ್ಟು. ಇನ್‌ಪುಟ್ಟಿನ ಆಯ್ಕೆ ಯಾವುದರಲ್ಲಿದೆ, ಗುಬುಟು ಎಲ್ಲಿದೆ ಎಂಬ ಗುರುತು. ಅಳೆದವರ ಹೆಸರು. ಇಂಟರ್‌ಫೇಸಿನ ನೆತ್ತಿಯ ಮೇಲೆ ಒಂದು ತುಂಡು ಬಿಳಿ ಟೇಪು ಅಂಟಿಸಿ ಅದರ ಮೇಲೆ ಪೆನ್ನಿನಲ್ಲಿ ಬರೆದರೆ ಆಯಿತು. ಟೇಪು ಒಂದೆರಡು ಬೇಸಿಗೆಗೆ ಸುರುಟಿಕೊಂಡು ಬಿದ್ದುಹೋಗುತ್ತದೆ, ಮತ್ತೆ ಅಳೆಯುವ ಹೊತ್ತಾಯಿತು ಎಂದು ಆಗ ಗೊತ್ತಾಗುತ್ತದೆ.